ಈಸೋಪನ ಕಾಗೆ ಮತ್ತು ನಮ್ಮ ಪ್ರಗತಿಪತ್ರ

(ಶತಮಾನೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಇಂದಿನ ಮಾತಿಗೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸ್ವಾಗತ ಸಮಿತಿಯವರು ನಮಗೇ ಬಿಟ್ಟಿದ್ದರು. ಶಾಲೆಯ ಚರಿತ್ರೆಯನ್ನು ಹೇಳಿದರೆ ಚೆನ್ನೆಂಬ ಸೂಚನೆಯೂ ಇದ್ದಿತು. ಆ ಕೆಲಸವನ್ನು ನಮಗಿಂತ ಬಲ್ಲವರು ಮಾಡಿದ್ದಾರೆ. ನಾವು ಆರಿಸಿಕೊಂಡದ್ದು ಪ್ರಾಚೀನ ಗ್ರೀಕರ ಪ್ರಾಣಿಕಥೆಗಳಲ್ಲಿ ಬರುವ ಮುಖಸ್ತುತಿ ಮತ್ತು ವಂಚನೆಗಳ ವಿಷಯ. ಪೆದ್ದೆಮುಲ್‌ಗೂ ಗ್ರೀಸ್ ದೇಶಕ್ಕೂ ಎಲ್ಲಿಯ ನಂಟು ಎಂದು ಸಮಿತಿಯ ಒಬ್ಬ ಹಿರಿಯರು ನಕ್ಕರು. ಆ ನಂಟನ್ನು ನಮಗೆ ತೋರಿಸಿಕೊಟ್ಟವಳು ನಮ್ಮ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ. ಅವಳ ಹೆಸರನ್ನು ಹೇಳುವುದಿಲ್ಲ. ಏಕೆಂಬುದು ಮುಂದೆ ತಿಳಿಯುವುದು.

ಹಲವು ವರ್ಷಗಳ ಹಿಂದಿನ ಮಾತು. ಕಾಗೆ ಮತ್ತು ನರಿಯ ಪಾಠ ನಡೆದಿದ್ದಿತು. ಕಾಗೆಯ ಬಾಯಲ್ಲಿ ರೊಟ್ಟಿ, ಮರದ ಕೆಳಗೆ ನರಿ, ನಿನ್ನ ಕಂಠ ಬಲು ಇಂಪು ಎಂಬ ಮಾತು, ಕಾಗೆ ಬಾಯಿ ತೆರೆದದ್ದು, ರೊಟ್ಟಿ ಬಿದ್ದದ್ದು. ಹೊಗಳಿಕೆಗೆ ಮರುಳಾಗಬಾರದೆಂದು ಕಪ್ಪುಹಲಗೆಯ ಮೇಲೆ ದುಂಡಗೆ ಬರೆದು ನಾವು ತಿರುಗಿದೆವು. ಹಿಂದಿನ ಸಾಲಿನಲ್ಲಿ ಆ ಹುಡುಗಿ ಎದ್ದು ನಿಂತಿದ್ದಳು.

"ಟೀಚರ್, ಅದಕ್ಕೂ ಮೊದಲ ಕಾಗಿಗಿ ಯಾರೂ ಛಂದ ಹಾಡ್ತಿ ಅಂತ ಅಂದಿದ್ದೇ ಇಲ್ಲೇನ್ರಿ?"

ತರಗತಿ ನಕ್ಕಿತು. ನಾವೂ ನಕ್ಕು, ಕುಳಿತುಕೊ ಎಂದೆವು. ಎಂ.ಎ., ಬಿ.ಎಡ್. ಓದಿದ ನಮಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ.

ಉತ್ತರವನ್ನು ಹುಡುಕಿಕೊಂಡು ಹಳೆಯ ಕಥೆಗಳ ಬಳಿಗೆ ಹೋದೆವು. ಈಸೋಪನ ಕುರಿತು ನಂಬಬಹುದಾದ ಸಂಗತಿಗಳು ಕೆಲವೇ. ಕ್ರಿ.ಪೂ. 5ನೆಯ ಶತಮಾನದ ಚರಿತ್ರಕಾರ ಹೆರೊಡೋಟಸನು ಅವನನ್ನು ಸೇಮೋಸ್ ದ್ವೀಪದ ಒಬ್ಬ ಒಡೆಯನ ಗುಲಾಮನೆಂದು ಹೇಳುತ್ತಾನೆ. ಡೆಲ್ಫಿಯ ಜನ ಅವನನ್ನು ಕೊಂದರೆಂದೂ ಸೂಚಿಸುತ್ತಾನೆ. ಸೆರೆಮನೆಯಲ್ಲಿ ಸಾವನ್ನು ಎದುರುನೋಡುತ್ತಿದ್ದ ಸಾಕ್ರೆಟಿಸನು ಈಸೋಪನ ಕಥೆಗಳಿಗೆ ಪದ್ಯರೂಪ ಕೊಡುತ್ತಿದ್ದನೆಂಬುದನ್ನು ಪ್ಲೇಟೋ ದಾಖಲಿಸಿದ್ದಾನೆ. ಕ್ರಿ.ಶ. 1ನೆಯ ಶತಮಾನದಲ್ಲಿ ಇವುಗಳನ್ನು ಲ್ಯಾಟಿನ್ ಪದ್ಯಗಳಲ್ಲಿ ಬರೆದ ಫೀಡ್ರಸನೂ ದಾಸ್ಯದಿಂದ ಬಿಡುಗಡೆ ಪಡೆದವನೇ. ಬಾಯಿಬಿಟ್ಟು ಆಡಲಾಗದ ಮಾತನ್ನು ಗುಲಾಮರು ಕಥೆಯ ಮರೆಯಲ್ಲಿ ಆಡಿದರು, ಪ್ರಾಣಿಕಥೆಗಳು ಹುಟ್ಟಿದ್ದು ಹಾಗೆ ಎಂಬುದು ಅವನ ಅಭಿಪ್ರಾಯ. ಒಡೆಯನನ್ನು ಹೊಗಳಿ ಬದುಕಬೇಕಾದವನಿಗೆ ಮುಖಸ್ತುತಿಯ ಒಳಹೊರಗು ತಿಳಿದಿರುವಷ್ಟು ಒಡೆಯನಿಗೆ ತಿಳಿದಿರದು. ನಮ್ಮ ಹಿರಿಯರಿಗೂ ಇದು ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಒಂದು ಅರ್ಜಿ ಬರೆಸಬೇಕಾದರೂ ಮೊದಲ ಸಾಲುಗಳೆಲ್ಲ ಹುಜೂರರ ಸ್ತೋತ್ರವೇ; ಹೊಲಕ್ಕೆ ನೀರಿಲ್ಲವೆಂಬ ಮಾತು ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ. ಖುಷಾಮತ್ ಎಂಬ ಮಾತು ಈ ಭಾಗದ ಕನ್ನಡಕ್ಕೆ ಬಂದದ್ದು ಪುಸ್ತಕದಿಂದಲ್ಲ.

ಇನ್ನು ಕಾಗೆ. ಹಳೆಯ ಗ್ರೀಕ್ ಗದ್ಯದ ಕಥೆಯಲ್ಲಿ ಅದರ ಬಾಯಲ್ಲಿರುವುದು ಕದ್ದ ಮಾಂಸದ ತುಂಡು. ಫೀಡ್ರಸನಲ್ಲಿ ಅದು ಚೀಸ್ ಆಯಿತು. ನಮ್ಮ ಸೀಮೆಗೆ ಬರುವಷ್ಟರಲ್ಲಿ ಜೋಳದ ರೊಟ್ಟಿ. ಅದಿರಲಿ. ನಮ್ಮನ್ನು ತಡೆದು ನಿಲ್ಲಿಸಿದ್ದು ನರಿಯ ಮಾತು. ಆ ಹಳೆಯ ಕಥೆಯ ನರಿ ಕಾಗೆಯ ಕಂಠವನ್ನು ಹೊಗಳುವುದೇ ಇಲ್ಲ. ಅದರ ಮೈಕಟ್ಟನ್ನೂ ಚೆಲುವನ್ನೂ ಹೊಗಳಿ, ಪಕ್ಷಿಗಳಿಗೆ ಅರಸನಾಗಲು ನೀನೇ ತಕ್ಕವನು, ಕಂಠವೊಂದು ಇದ್ದಿದ್ದರೆ ಆಗಿಯೇ ಬಿಡುತ್ತಿದ್ದೆ ಎನ್ನುತ್ತದೆ. ಕಾಗೆ ಕೂಗುವುದು ತನಗೂ ಕಂಠವುಂಟೆಂದು ತೋರಿಸುವುದಕ್ಕಾಗಿ. ಎಲ್ಲಿ ಕೊರತೆಯಿದೆಯೋ, ಎಲ್ಲಿ ಈವರೆಗೆ ಯಾರೂ ಒಂದು ಒಳ್ಳೆಯ ಮಾತು ಆಡಿಲ್ಲವೋ, ಅಲ್ಲಿಯೇ ನರಿ ಬೆರಳಿಟ್ಟಿತು. ನಮ್ಮ ಹುಡುಗಿ ಕೇಳಿದ್ದು ಇದನ್ನೇ. ನಾವು ಹಲಗೆಯ ಮೇಲೆ ಬರೆದ ನೀತಿವಾಕ್ಯದಲ್ಲಿ ಇದು ಇರಲಿಲ್ಲ.

ಮತ್ತೊಂದು ಗ್ರೀಕ್ ಕಥೆಯಲ್ಲಿ ಕಾಯಿಲೆ ಬಿದ್ದು ಗವಿಯಲ್ಲಿ ಮಲಗಿದ ಸಿಂಹಕ್ಕೆ ಜಿಂಕೆಯ ಮಾಂಸ ತಿನ್ನುವಾಸೆ. ನರಿ ಜಿಂಕೆಯ ಬಳಿ ಹೋಗಿ, ಸಿಂಹ ಸಾಯಲಿದೆ, ತನ್ನ ನಂತರ ಕಾಡಿಗೆ ನಿನ್ನನ್ನೇ ಅರಸಾಗಿ ಆರಿಸಿದೆ ಎನ್ನುತ್ತದೆ. ಜಿಂಕೆ ಬರುತ್ತದೆ, ಸಿಂಹದ ಅವಸರದ ಪಂಜಿಗೆ ಕಿವಿ ಮಾತ್ರ ಹರಿದು, ಪ್ರಾಣ ಉಳಿಸಿಕೊಂಡು ಓಡುತ್ತದೆ. ನರಿ ಮತ್ತೆ ಹೋಗುತ್ತದೆ: ಅದು ಹೊಡೆತವಲ್ಲ, ರಾಜ್ಯದ ಗುಟ್ಟು ಹೇಳಲು ಕಿವಿ ಹಿಡಿದದ್ದು! ಜಿಂಕೆ ಎರಡನೆಯ ಸಲವೂ ಬರುತ್ತದೆ, ಸಾಯುತ್ತದೆ. ಅದರ ಹೃದಯವನ್ನು ಕದ್ದು ತಿಂದ ನರಿ, ಎರಡು ಸಲ ಸಿಂಹದ ಗವಿಗೆ ಬಂದ ಪ್ರಾಣಿಗೆ ಹೃದಯವೆಲ್ಲಿಂದ ಬರಬೇಕು ಎಂದು ಸಿಂಹವನ್ನೇ ಕೇಳುತ್ತದೆ. ಸಂಸ್ಕೃತ ಪಂಚತಂತ್ರದ ನಾಲ್ಕನೆಯ ತಂತ್ರದಲ್ಲಿ ಇದೇ ಕಥೆ ಕತ್ತೆಯ ಹೆಸರಿನಲ್ಲಿದೆ. ಕಥೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ನರಿಯ ಆ ಕೊನೆಯ ನಗೆಯಲ್ಲಿ ನಾವಂತೂ ಪಾಲುಗೊಳ್ಳಲಾರೆವು. ಮಗುವನ್ನು ಡಾಕ್ಟರು ಮಾಡುತ್ತೇವೆ, ಎಂಜಿನಿಯರು ಮಾಡುತ್ತೇವೆ ಎಂಬ ಬಣ್ಣದ ಫಲಕ ಹೊತ್ತ ಬಸ್ಸು ನಮ್ಮ ಹಳ್ಳಿಗಳ ಬಾಗಿಲಿಗೆ ಬಂದಾಗ ಅದನ್ನು ಹತ್ತಿಸಿದ ತಾಯಂದಿರನ್ನು ತಿಳಿಗೇಡಿಗಳೆಂದು ಕೆಲವರು ಆಡಿಕೊಳ್ಳುತ್ತಾರೆ. ತೊಗರಿ ಹೊಲದಲ್ಲಿಯೂ ಕಲ್ಲಿನ ಗಣಿಯಲ್ಲಿಯೂ ಬೆನ್ನು ಬಾಗಿಸಿದವರಿಗೆ ಸಿಂಹಾಸನದ ಮಾತು ಹೇಗೆ ಕೇಳಿಸುವುದೆಂಬುದನ್ನು ಆಡಿಕೊಳ್ಳುವವರು ಅರಿಯರು.

ಬೌದ್ಧರ ಜಾತಕ ಕಥೆಗಳಲ್ಲಿ ಜಂಬುಖಾದಕ ಜಾತಕವೆಂಬುದೊಂದು ಇದೆ. ಕಾಗೆ ನೇರಳೆಯ ಮರದಲ್ಲಿ ಹಣ್ಣು ತಿನ್ನುತ್ತಿರುತ್ತದೆ. ಕೆಳಗಿನಿಂದ ನರಿ ಅದರ ಕಂಠವನ್ನು ಹೊಗಳುತ್ತದೆ. ಈ ಕಾಗೆಯ ಬಾಯಿಂದ ಏನೂ ಬೀಳುವುದಿಲ್ಲ. ಅದು ತಿರುಗಿ ನರಿಯ ಕುಲವನ್ನು ಹೊಗಳಿ, ತಾನೇ ಕೊಂಬೆ ಅಲುಗಿಸಿ ಹಣ್ಣು ಉದುರಿಸುತ್ತದೆ! ಇಬ್ಬರ ಸ್ತುತಿಯನ್ನೂ ಕೇಳಿ ಬೇಸತ್ತ ವೃಕ್ಷದೇವತೆ ಭೀಕರ ರೂಪ ತಾಳಿ ಇಬ್ಬರನ್ನೂ ಓಡಿಸುತ್ತಾನೆ. ಮೂರು ದಿನಗಳಿಂದ ಈ ಪೆಂಡಾಲಿನಲ್ಲಿ ಶಾಲು ಹೊದಿಸುತ್ತ, ಹೊದಿಸಿಕೊಳ್ಳುತ್ತ ಇರುವ ನಾವು ಈ ಕಥೆಯನ್ನು ನೆನೆದು ಒಳಗೊಳಗೇ ನಕ್ಕಿದ್ದುಂಟು. ಅಂಗಳದ ಬೇವಿನ ಮರದಲ್ಲಿ ಅಂಥ ದೇವತೆ ಇಲ್ಲವೆಂಬುದೊಂದು ಸಮಾಧಾನ.

ಕನ್ನಡದಲ್ಲಿ ಇಂಥ ಕಥೆಗಳ ಮೊದಲ ದೊಡ್ಡ ಗ್ರಂಥ ನಮ್ಮ ಈ ಸೀಮೆಯನ್ನು ಆಳಿದ ಚಾಲುಕ್ಯರ ಆಶ್ರಯದಲ್ಲೇ ಹುಟ್ಟಿತು. ಜಯಸಿಂಹ ಅರಸನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡದಲ್ಲಿ ಬರೆದನು. ಅದರ ಐದು ಪ್ರಕರಣಗಳಲ್ಲಿ ಒಂದರ ಹೆಸರೇ ವಂಚನೆ. ಆದರೆ ಮುಖಸ್ತುತಿಯ ವಿಷಯದಲ್ಲಿ ನಮ್ಮನ್ನು ಹೆಚ್ಚು ಕಾಡಿದ ಮಾತು ಬಂದದ್ದು ಅವನ ನಂತರದ ಶತಮಾನದಲ್ಲಿ, ಕಲ್ಯಾಣದಿಂದ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದ ಬಸವಣ್ಣನವರು ಹೊಗಳಿಕೆಯನ್ನು ತಮ್ಮ ಒಂದು ವಚನದಲ್ಲಿ ಹೊನ್ನಶೂಲಕ್ಕೆ ಹೋಲಿಸಿದ್ದಾರೆ. ಶೂಲ ಹೊನ್ನಿನದಾದರೂ ಏರಿದವನಿಗೆ ಶೂಲವೇ. ಗ್ರೀಕರ ನರಿ ಹೊರಗಿನವನು. ಅವನಿಗೆ ಬೇಕಾದದ್ದು ಮಾಂಸ, ಸಿಕ್ಕೊಡನೆ ಹೊರಟುಹೋಗುತ್ತಾನೆ. ಬಸವಣ್ಣನವರು ದೂರುವುದು ತಮ್ಮವರನ್ನು, ತಮ್ಮ ಮೇಲೆ ಪ್ರೀತಿಯುಳ್ಳವರನ್ನು. ಪ್ರೀತಿಯಿಂದ ಹೊಗಳಿಯೂ ಕೇಡು ಮಾಡಬಹುದೆಂಬುದನ್ನು ಈಸೋಪನ ಕಥೆಗಳಲ್ಲಿ ನಾವು ಕಾಣಲಿಲ್ಲ.

ನಮ್ಮ ಜೀವನದಲ್ಲಿ ಕಂಡೆವು. ಕಾಗೆಯ ಪ್ರಶ್ನೆ ಕೇಳಿದ ಆ ಹುಡುಗಿ ಮಾತಿನಲ್ಲಿ ಬಲು ಚುರುಕು. ಕಥೆ ಹೇಳಿದರೆ ಮರುದಿನ ಪದ ತಪ್ಪದೆ ಒಪ್ಪಿಸುತ್ತಿದ್ದಳು. ಪಾಠವನ್ನು ಗಟ್ಟಿಯಾಗಿ ಓದಿಸಿದರೆ ಸಾಲಿನ ಮೇಲೆ ಬೆರಳಿಟ್ಟು ನಿರರ್ಗಳವಾಗಿ ಓದುತ್ತಿದ್ದಳು. ಆ ವರ್ಷದ ಪ್ರಗತಿಪತ್ರದಲ್ಲಿ ಓದುವಿಕೆಯ ಎದುರಿಗೆ ನಾವು 'ಅತ್ಯುತ್ತಮ' ಎಂದು ಬರೆದೆವು. ಅವಳ ತಾಯಿ ಹೆಬ್ಬೆಟ್ಟಿನವರು. ಆ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಓಣಿಗೆಲ್ಲ ತೋರಿಸಿದರಂತೆ.

ಬೇಸಿಗೆಯಲ್ಲಿ ಅವರ ಹೊಲದ ಕುರಿತು ಯಾವುದೋ ಕಾಗದ ಬಂದಿತು. ಅದರೊಂದಿಗೆ, ಓದಲು ಬಾರದವರಿಗೆಂದು ಪುಣ್ಯಾತ್ಮರೊಬ್ಬರು ಕನ್ನಡದಲ್ಲಿ ಬರೆದುಕೊಟ್ಟಿದ್ದ ಒಂದು ಚೀಟಿ. ತಾಯಿ ಮಗಳ ಕೈಗೆ ಚೀಟಿ ಕೊಟ್ಟು ಓದೆಂದರು. ಹುಡುಗಿ ಸುಮ್ಮನೆ ನಿಂತಳು. ಬಾಯಿಪಾಠವಿಲ್ಲದ ಒಂದು ಸಾಲನ್ನೂ ಅವಳು ಓದಲಾರಳು. ಬೆರಳು ಸಾಲಿನ ಮೇಲೆ ಇದ್ದದ್ದು ನಿಜ; ಅದು ಯಾವ ಪದದ ಮೇಲಿದೆಯೆಂದು ನಾವು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅತ್ಯುತ್ತಮವಾಗಿ ಓದುವ ಮಗಳು ಹಟ ಹಿಡಿದು ಓದುತ್ತಿಲ್ಲವೆಂದು ತಾಯಿ ತಿಳಿದರು. ಹೊಡೆದರು. ಶಾಲೆ ತೆರೆದ ಮೊದಲ ವಾರ ಅವರೇ ಬಂದು, "ನೀವು ಹೇಳಿದ್ರ ಓದ್ತಾಳ್ರಿ, ನನ್ನ ಮಾತಿಗಿ ಕಿಮ್ಮತ್ತಿಲ್ಲ" ಎಂದು ದೂರು ಕೊಟ್ಟಾಗ ನಮಗೆ ಸಂಗತಿ ತಿಳಿಯಿತು. ಹುಡುಗಿ ತಾಯಿಯ ಹಿಂದೆ ನಿಂತು ನಮ್ಮನ್ನು ನೋಡುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ಗೊತ್ತಿದ್ದಿತು. ನಾವು ಬರೆದ ಮಾತನ್ನು ಅವಳು ಒಂದು ವರ್ಷ ಹೊತ್ತುಕೊಂಡು ತಿರುಗಿದ್ದಳು.

ನಾವು ಅವಳನ್ನು ವಂಚಿಸಬೇಕೆಂದು ಬರೆದವರಲ್ಲ. ಪ್ರೀತಿಯಿಂದಲೇ ಬರೆದೆವು. ಸ್ವಲ್ಪ ಸೋಮಾರಿತನವೂ ಇದ್ದಿತು, ಅದನ್ನು ಮುಚ್ಚಿಡುವುದಿಲ್ಲ. ತಾಯಿಯ ಎದುರಿಗೆ ತಪ್ಪು ನಮ್ಮದೆಂದು ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಹೊಡೆದದ್ದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ ಎಂದು ಕೇಳಿದರು.

ಆ ವರ್ಷದಿಂದ ಓದುವಿಕೆಯ ಎದುರಿಗೆ ಉತ್ತಮ, ಅತ್ಯುತ್ತಮ ಎಂಬ ಪದಗಳನ್ನು ಬಿಟ್ಟೆವು. ಮಗು ಏನು ಮಾಡಬಲ್ಲುದೋ ಅದನ್ನು ಬರೆಯತೊಡಗಿದೆವು: ಕಾಣದ ಪುಟದಲ್ಲಿ ಮೂರು ಸಾಲು ತಡೆಯಿಲ್ಲದೆ ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ಅಕ್ಷರ ದುಂಡಗಿವೆ, ಕೂಡಿಸುತ್ತಾನೆ, ದಶಕ ಎರವಲು ಪಡೆದು ಕಳೆಯಲಾರ. ಇದರಲ್ಲಿ ಹೊಗಳಿಕೆಯೂ ಇದೆ. ಮೂರು ಸಾಲು ಓದುವ ಮಗುವಿಗೆ ಆ ಮೂರು ಸಾಲಿನ ಹೆಸರಿನಲ್ಲಿಯೇ ಭೇಷ್ ಎನ್ನುತ್ತೇವೆ, ಹತ್ತು ಮಂದಿಯ ಎದುರಿಗೆ ಎನ್ನುತ್ತೇವೆ. ಕಾಗೆಗೆ ಮೊದಲೇ ಯಾರಾದರೂ ನಿನ್ನ ರೆಕ್ಕೆ ಬಲವಾಗಿವೆ, ಕಂಠ ಒರಟು ಎಂದು ಸ್ನೇಹದಿಂದ ಹೇಳಿದ್ದರೆ ನರಿಗೆ ಆ ದಿನ ಉಪವಾಸವೇ.

ಎಲ್ಲ ಪಾಲಕರಿಗೂ ಇದು ಹಿಡಿಸಿತೆಂದು ಹೇಳಲಾರೆವು. ಪಕ್ಕದ ಶಾಲೆಯಲ್ಲಿ ಎಲ್ಲರಿಗೂ ಎ ಪ್ಲಸ್ ಕೊಡುತ್ತಾರೆ, ನೀವು ಮಗುವಿನ ಮನಸ್ಸು ಮುರಿಯುತ್ತೀರಿ ಎಂದು ಜಗಳವಾಡಿದ ತಂದೆಯೊಬ್ಬರು ಮಗನನ್ನು ಬಿಡಿಸಿಕೊಂಡು ಹೋದರು. ಅವರು ಹೇಳಿದ್ದರಲ್ಲಿ ಸತ್ಯವೇ ಇರಲಿಲ್ಲವೆಂದೂ ಹೇಳಲಾರೆವು. ಆರಂಭದ ದಿನಗಳಲ್ಲಿ ನಮ್ಮ ಕೆಲವು ಸಾಲುಗಳು ಬೇಕಾದುದಕ್ಕಿಂತ ಬಿರುಸಾಗಿದ್ದವು. ಆ ಹುಡುಗಿ ಏಳನೆಯ ತರಗತಿಯ ಹೊತ್ತಿಗೆ ಕಾಣದ ಪುಟವನ್ನು ಓದತೊಡಗಿದಳು. ನಿಧಾನವಾಗಿ, ಬೆರಳಿಟ್ಟು, ಆದರೆ ಬೆರಳಿದ್ದ ಪದವನ್ನೇ.

ಹಳೆಯ ವಿದ್ಯಾರ್ಥಿಗಳೇ, ಈಗ ನಿಮ್ಮೊಡನೆ ಎರಡು ಮಾತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಹಾಗೆಯೇ. ನಮ್ಮ ಕಾಗಿಣಾ ನದಿ ಮಾತ್ರ ಗಡಿಯನ್ನು ಲೆಕ್ಕಿಸದೆ ತಾಂಡೂರಿನ ಬಳಿ ಹಾದು ಮಳಖೇಡಕ್ಕೆ, ಅಂದರೆ ಕವಿರಾಜಮಾರ್ಗ ಹುಟ್ಟಿದ ನೃಪತುಂಗನ ರಾಜಧಾನಿಯ ಅಂಗಳಕ್ಕೆ ಇಂದಿಗೂ ಹರಿದುಹೋಗುತ್ತದೆ. ಈ ಮಾತನ್ನು ನೀವು ಮೂರು ದಿನಗಳಿಂದ ವೇದಿಕೆಯಲ್ಲಿ ಬಗೆಬಗೆಯಾಗಿ ಹೇಳಿದ್ದೀರಿ. ಈ ಶಾಲೆ ಗಡಿನಾಡಿನ ಜ್ಯೋತಿಯೆಂದಿರಿ, ಕನ್ನಡದ ಕೋಟೆಯೆಂದಿರಿ. ಕೇಳಲು ಹಿತವಾಗಿದ್ದಿತು. ನೀವು ನಮ್ಮವರು, ನಿಮ್ಮ ಪ್ರೀತಿಯಲ್ಲಿ ನಮಗೆ ಅನುಮಾನವಿಲ್ಲ. ಆದರೆ ಕೋಟೆಯ ಒಂದನೆಯ ತರಗತಿಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ, ಜ್ಯೋತಿಯೆಂದ ಕೆಲವರ ಮೊಮ್ಮಕ್ಕಳು ಅದೇ ಬಣ್ಣದ ಬಸ್ಸಿನಲ್ಲಿ ಹೋಗುತ್ತಾರೆ. ದೂರಿ ಹೇಳುತ್ತಿಲ್ಲ. ನಮ್ಮ ಶಾಲೆಯ ಪ್ರಗತಿಪತ್ರದಲ್ಲಿಯೂ 'ಅತ್ಯುತ್ತಮ' ಎಂದು ಬರೆದು ಕೈತೊಳೆದುಕೊಳ್ಳಬೇಡಿರೆಂದು ಮಾತ್ರ ಬೇಡುತ್ತೇವೆ.

ಗ್ರೀಕರ ಕಥೆಗಳಲ್ಲಿ ಒಂದು ಹುಂಜವೂ ಇದೆ. ನರಿ ಅದರ ದನಿಯನ್ನು ಹೊಗಳಿ, ಮರದಿಂದ ಇಳಿದು ಬಾ, ಇಂಥ ಗಾಯಕನನ್ನು ಅಪ್ಪಿಕೊಳ್ಳಬೇಕು ಎನ್ನುತ್ತದೆ. ಹುಂಜ ಕೋಪಗೊಳ್ಳುವುದಿಲ್ಲ, ಮರದ ಬುಡದಲ್ಲಿ ಕಾವಲುಗಾರ ಮಲಗಿದ್ದಾನೆ, ಮೊದಲು ಅವನನ್ನು ಎಬ್ಬಿಸು, ಬಾಗಿಲು ತೆರೆಯುತ್ತಾನೆ ಎನ್ನುತ್ತದೆ. ಕಾವಲುಗಾರನೆಂದರೆ ನಾಯಿ. ನೀವು ನರಿಯಲ್ಲ, ನಾವು ಹುಂಜವೂ ಅಲ್ಲ. ಆದರೂ ನಮ್ಮದೂ ಅಂಥದೇ ಒಂದು ಕೋರಿಕೆಯಿದೆ. ಊಟದ ಪಂಕ್ತಿ ಏಳಲು ಇನ್ನೂ ಮುಕ್ಕಾಲು ಗಂಟೆಯಿದೆ ಎಂದು ಅಡುಗೆಯವರು ಹೇಳಿ ಕಳುಹಿಸಿದ್ದಾರೆ. ಬಲಗಡೆಯ ನಾಲ್ಕನೆಯ ತರಗತಿಯ ಕೋಣೆಯಲ್ಲಿ ಮಕ್ಕಳು ತಮ್ಮ ತಮ್ಮ ಮಣೆಗಳ ಮೇಲೆ ಕುಳಿತಿರುತ್ತಾರೆ. ಅವರು ಹಿಂದೆ ಕಾಣದ ಒಂದೊಂದು ಪುಟವನ್ನು ಅವರ ಮುಂದೆ ಇಟ್ಟಿದ್ದೇವೆ. ಹೋಗಿ, ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಓದಿಸಿರಿ. ಬೆರಳು ಎಲ್ಲಿದೆಯೆಂದು ಬಗ್ಗಿ ನೋಡಿರಿ. ಬಾಗಿಲ ಬಳಿ ಒಂದು ಪುಸ್ತಕ, ಒಂದು ಪೆನ್ನು ಇದೆ. ಕಂಡದ್ದನ್ನು ಅದರಲ್ಲಿ ಬರೆದು, ಆಮೇಲೆ ಊಟಕ್ಕೆ ದಯಮಾಡಿಸಿರಿ.