ಕವಾಟದ ನಾಡಿ

(ವಾರಾಣಸಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಳೆದ ಸಭೆಯಲ್ಲಿ ಕಾರವಾರದ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: "ನೀವು ಕೇಂದ್ರ ಸರ್ಕಾರದವರು. ಕೈಗಾ ಸುರಕ್ಷಿತವೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ." ಅಂದು ನಕ್ಕು ಜಾರಿಕೊಂಡೆ. ಯಂತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ಹಾಗೆ ಮಾಡಬಾರದಿತ್ತು. ಇಂದು ಆ ಸಾಲ ತೀರಿಸಲು ನಿಂತಿದ್ದೇನೆ. ನಾನು ಅಣುಶಕ್ತಿ ಇಲಾಖೆಯವನಲ್ಲ. ಇಲ್ಲಿ ಆಡುವುದು ನನ್ನ ಸ್ವಂತ ಮಾತು.

ಇದೇ ಗಂಗೆಯ ದಂಡೆಯಲ್ಲಿ, ಬಹುದೂರ ಮೇಲೆ, ಬುಲಂದ್‌ಶಹರ ಜಿಲ್ಲೆಯಲ್ಲಿ ನರೋರಾ ಅಣುವಿದ್ಯುತ್ ಸ್ಥಾವರವಿದೆ. 1993ರ ಮಾರ್ಚ್ 31ರ ನಸುಕಿನಲ್ಲಿ ಅದರ ಒಂದನೆಯ ಘಟಕದ ಟರ್ಬೈನಿನ ಅಲಗುಗಳು ಮುರಿದು, ಜಲಜನಕ ಸೋರಿ, ಬೆಂಕಿ ಹೊತ್ತಿಕೊಂಡಿತು. ಕೇಬಲ್ಲುಗಳು ಸುಟ್ಟು ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಹೊಗೆ ತುಂಬಿದ ನಿಯಂತ್ರಣ ಕೊಠಡಿಯನ್ನೂ ತೊರೆಯಬೇಕಾಯಿತು. ನಿಲ್ಲಿಸಿದ ರಿಯಾಕ್ಟರು ಮತ್ತೆ ಜೀವತಳೆಯದಿರಲೆಂದು ಸಿಬ್ಬಂದಿ ಕೈದೀಪ ಹಿಡಿದು ಕತ್ತಲಲ್ಲಿ ಮೇಲೇರಿ, ಕವಾಟಗಳನ್ನು ಕೈಯಿಂದಲೇ ತಿರುಗಿಸಿ ಬೋರಾನ್ ದ್ರಾವಣವನ್ನು ಒಳಗೆ ಹರಿಸಿದರು. ವಿಕಿರಣ ಹೊರಬೀಳಲಿಲ್ಲ. ಆ ಕವಾಟಗಳು ಅಂದು ತುಕ್ಕು ಹಿಡಿದು ಕುಳಿತಿದ್ದರೆ? ಮುಂಜಾನೆ ಘಾಟಿಗೆ ಇಳಿಯುವಾಗಲೆಲ್ಲ ಈ ಪ್ರಶ್ನೆ ನನ್ನೊಡನೆ ಮೆಟ್ಟಿಲಿಳಿಯುತ್ತದೆ.

ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ, 1979ರ ಮಾರ್ಚ್ 28ರಂದು, ಒತ್ತಡ ಇಳಿಸಲು ತೆರೆದ ಕವಾಟವೊಂದು ಮತ್ತೆ ಮುಚ್ಚಲಿಲ್ಲ. ಫಲಕದ ದೀಪವೇನೋ ಆರಿತ್ತು. ಮುಚ್ಚೆಂಬ ಅಪ್ಪಣೆ ಹೋಗಿದೆಯೆಂದಷ್ಟೇ ಅದರ ಅರ್ಥ, ಮುಚ್ಚಿದೆಯೆಂದಲ್ಲ. ಎರಡು ಗಂಟೆಗೂ ಮಿಕ್ಕಿ ನೀರು ಸೋರಿತು. ಇಂಧನಗರ್ಭದ ಸುಮಾರು ಅರ್ಧ ಕರಗಿತು. ಕಡತಗಳ ನಡುವೆ ಬಾಳು ಸವೆಸಿದ ನನಗೆ ಈ ದೀಪದ ಪರಿಚಯ ಚೆನ್ನಾಗಿಯೇ ಇದೆ.

1985ರಲ್ಲಿ ಅಲ್ಲಿನ ಡೇವಿಸ್-ಬೆಸ್ಸಿ ಸ್ಥಾವರದಲ್ಲಿಯೂ ಮೋಟಾರು ಕವಾಟಗಳು ಕೈಕೊಟ್ಟವು. 1989ರಲ್ಲಿ ಅಮೆರಿಕದ ನಿಯಂತ್ರಣ ಆಯೋಗವು ಕವಾಟ ಬರಿದೆ ಅಲುಗಿದರೆ ಸಾಲದು, ಆಪತ್ತಿನ ವೇಳೆಯ ಒತ್ತಡದಲ್ಲಿಯೂ ಕೆಲಸ ಮಾಡೀತೆಂದು ತೋರಿಸಬೇಕೆಂಬ ಸೂಚನೆ ಹೊರಡಿಸಿತು. ಕವಾಟದ ದಂಡದ ಮೇಲೆ ಬೀಳುವ ಬಲ, ಮೋಟಾರು ಎಳೆಯುವ ವಿದ್ಯುತ್ತು ಇವನ್ನು ರೇಖೆಯಾಗಿ ಬರೆದು ಹಿಂದಿನ ರೇಖೆಯೊಡನೆ ಹೋಲಿಸಿದರೆ, ಗ್ರೀಸು ಒಣಗಿದ್ದು, ದಂಡ ಬಾಗಿದ್ದು, ಪ್ಯಾಕಿಂಗು ಬಿಗಿದದ್ದು ಕವಾಟವನ್ನು ಬಿಚ್ಚದೆಯೇ ತಿಳಿಯಬಹುದು. ನಮ್ಮೂರ ಕೆರೆಯ ನೀರಗಂಟಿ ಮಳೆಗಾಲಕ್ಕೆ ಮುನ್ನ ತೂಬನ್ನೊಮ್ಮೆ ಎತ್ತಿಳಿಸಿ, ಕೈಗೆ ಹತ್ತುವ ಭಾರದಿಂದಲೇ ಅದರ ಆರೋಗ್ಯ ಹೇಳುತ್ತಿದ್ದ. ವಿದ್ಯೆ ಅದೇ; ಉಪಕರಣ ಬೇರೆ.

ಇನ್ನು ಕೈಗಾ. 1989ರಲ್ಲಿ ಅದನ್ನು ವಿರೋಧಿಸಿಯೇ ಶಿವರಾಮ ಕಾರಂತರು ಲೋಕಸಭೆಯ ಚುನಾವಣೆಗೆ ನಿಂತರು. ಇಂದು ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಒಂದನೆಯದು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು. ನನಗೂ ಹೆಮ್ಮೆಯೇ. ಆದರೆ ಕೆಲವು ಕವಾಟಗಳನ್ನು ಘಟಕ ನಿಂತಾಗ ಮಾತ್ರ ಪೂರ್ತಿ ಪರೀಕ್ಷಿಸಲು ಸಾಧ್ಯವೆಂಬುದನ್ನು ಬಲ್ಲವನಿಗೆ ಹೆಮ್ಮೆಯ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ.

ಆದ್ದರಿಂದ ಹಿರಿಯರೇ, "ಸುರಕ್ಷಿತವೇ" ಎಂದು ಕೇಳಿದರೆ "ಹೌದು" ಎಂಬ ಉತ್ತರವಷ್ಟೇ ಬರುತ್ತದೆ. ಯಾವ ಕವಾಟದ ನಾಡಿಯನ್ನು ಕೊನೆಯದಾಗಿ ಎಂದು ನೋಡಿದಿರಿ, ರೇಖೆ ಏನು ಹೇಳಿತು, ಕಾಳಿ ನದಿಯ ದಂಡೆಯವರಿಗೆ ಅದನ್ನು ಕನ್ನಡದಲ್ಲಿ ತಿಳಿಸಿದಿರಾ ಎಂದು ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಬರೆಯುವುದಾದರೆ ಕರಡು ತಿದ್ದಿಕೊಡಲು ನಾನಿದ್ದೇನೆ.