ಮೌಂಟ್ ಲೆಮ್ಮನ್ ಪುಟ್ಟ ಕೆನಡಾ ಅಲ್ಲ

ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ನಗರದ ಮಗ್ಗುಲಲ್ಲೇ ಸಾಂಟಾ ಕ್ಯಾಟಲಿನಾ ಬೆಟ್ಟಸಾಲಿದೆ. ಅದರ ನೆತ್ತಿಯೇ ಮೌಂಟ್ ಲೆಮ್ಮನ್, 2,791 ಮೀಟರ್ ಎತ್ತರ. ಬುಡದಲ್ಲಿ ಸಗ್ವಾರೊ ಕಳ್ಳಿಯ ಮರುಭೂಮಿ, ತುದಿಯಲ್ಲಿ ದಟ್ಟ ಕಾಡು. ಈ ಬೆಟ್ಟದ ಮಾತು ಬಂದಲ್ಲೆಲ್ಲ ಒಂದು ಹೋಲಿಕೆಯೂ ಬಂದೇ ಬರುತ್ತದೆ: ಬುಡದಿಂದ ತುದಿಗೆ ಕಾರಿನಲ್ಲಿ ಹೋದರೆ ಮೆಕ್ಸಿಕೊದಿಂದ ಕೆನಡಾಕ್ಕೆ ಹೋದಂತೆ ಅಂತ. ದಾರಿ, ಶುಲ್ಕ, ಪಾರ್ಕಿಂಗ್ ವಿವರ ನಿಮ್ಮ ಫೋನಿನಲ್ಲೇ ಸಿಗುತ್ತದೆ. ಇವತ್ತು ನನ್ನ ತಕರಾರು ಈ ಹೋಲಿಕೆಯ ಜೊತೆ. ಇದನ್ನು ನಂಬಿ ಹೊರಟವರ ಕಣ್ಣು ಬರೀ ತುದಿಯ ಮೇಲಿರುತ್ತದೆ, ನಡುವಿನ ಬೆಟ್ಟ ಕೈತಪ್ಪಿ ಹೋಗುತ್ತದೆ.

ಹೋಲಿಕೆಗೆ ಹಳೆಯ ಬೇರಿದೆ. 1889ರಲ್ಲಿ ಸಿ. ಹಾರ್ಟ್ ಮೆರಿಯಮ್ ಅನ್ನುವ ಜೀವವಿಜ್ಞಾನಿ ಉತ್ತರ ಅರಿಜೋನಾದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳನ್ನು ಅಧ್ಯಯನ ಮಾಡಿ, ಎತ್ತರ ಹೆಚ್ಚಿದಂತೆ ಸಸ್ಯಗಳು ಪಟ್ಟಿ ಪಟ್ಟಿಯಾಗಿ ಬದಲಾಗುತ್ತವೆ ಎಂದು ತೋರಿಸಿದ. ಮೇಲಿನ ಒಂದು ಪಟ್ಟಿಗೆ ಕೆನಡಾದ ಹೆಸರನ್ನೇ ಇಟ್ಟ. ಇದರಲ್ಲಿ ಸತ್ಯ ಇಲ್ಲದೆ ಇಲ್ಲ. ಪ್ರತಿ ನೂರು ಮೀಟರ್ ಏರಿದಂತೆ ಸುಮಾರು 0.65 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಮೌಂಟ್ ಲೆಮ್ಮನ್ ತುದಿಯ ಡಗ್ಲಸ್ ಫರ್ ಕೆನಡಾದಲ್ಲೂ ಬೆಳೆಯುವ ಮರವೇ. ಹಾಗಾದರೆ ತಕರಾರು ಯಾಕೆ ಅಂತ ನೀವು ಕೇಳಬಹುದು.

ಯಾಕೆಂದರೆ ಕಾಡನ್ನು ಥರ್ಮಾಮೀಟರ್ ಒಂದೇ ಕಟ್ಟುವುದಿಲ್ಲ. ಈ ಬೆಟ್ಟ ಇರುವುದು 32 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆ. ಅದನ್ನು ಅಲ್ಲಿಯವರು ಕರೆಯುವುದೂ ಮಾನ್ಸೂನ್ ಅಂತಲೇ. ಇಂಥ ಬಿಸಿಲು-ಮಳೆಗೆ ಒಗ್ಗಿದ ಗಿಡಗಳ ಬಳಗ ಇರುವುದು ದಕ್ಷಿಣಕ್ಕೆ, ಮೆಕ್ಸಿಕೊದ ಸಿಯೆರಾ ಮಾದ್ರೆ ಪರ್ವತಗಳಲ್ಲಿ. ಬೆಟ್ಟದ ನಡುಮಟ್ಟದಲ್ಲಿ ಸಿಲ್ವರ್‌ಲೀಫ್ ಓಕ್ ಅನ್ನುವ ಮರವಿದೆ. ಅದರ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ: ಮೇಲೆ ಹೊಳಪಿನ ಕಡುಹಸಿರು, ಮಗುಚಿದರೆ ಬೂದಿ ಬಳಿದಂಥ ಬಿಳುಪು. ಗಾಳಿ ಬೀಸಿದಾಗ ಇಡೀ ಇಳಿಜಾರು ಬೆಳ್ಳಗೆ ಮಿನುಗುತ್ತದೆ. ಪಕ್ಕದಲ್ಲೇ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಸೀಳಿದ ತೊಗಟೆಯ ಜೂನಿಪರ್. ಇವೆರಡನ್ನು ಹುಡುಕಿಕೊಂಡು ಕೆನಡಾಕ್ಕೆ ಹೋದರೆ ಬರಿಗೈಲಿ ಬರಬೇಕು.

ಎತ್ತರ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೂಸಾನ್‌ನ ಡೆಸರ್ಟ್ ಲ್ಯಾಬೊರೇಟರಿಯ ಫಾರೆಸ್ಟ್ ಶ್ರೀವ್ ಇದೇ ಬೆಟ್ಟಸಾಲಿನ ಸಸ್ಯಗಳ ಬಗ್ಗೆ 1915ರಲ್ಲಿ ಪುಸ್ತಕ ಬರೆದ. ಅವನು ಕಂಡಂತೆ, ಒಂದೇ ಎತ್ತರದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನದ್ದು ಒಂದು ಕತೆ, ಉತ್ತರದ್ದು ಇನ್ನೊಂದು: ಬಿಸಿಲು ಬಡಿಯುವ ಕಡೆ ಕುರುಚಲು, ನೆರಳಿನ ಕಡೆ ಕಾಡು. ಹಾಗಾಗಿ ಇಲ್ಲಿ ನಡೆಯುವವರಿಗೆ ಎಷ್ಟು ಎತ್ತರ ಬಂದೆವು ಅನ್ನುವ ಲೆಕ್ಕದಷ್ಟೇ, ಇಳಿಜಾರು ಯಾವ ದಿಕ್ಕಿಗಿದೆ ಅನ್ನುವುದೂ ಮುಖ್ಯ. ಕಣಿವೆಯ ತಿರುವಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಡೇ ಬದಲಾಗುತ್ತದೆ.

ಪ್ರವಾಸಿಗರನ್ನು ಸೆಳೆಯಲು ಒಂದು ಸರಳ ಮಾತು ಇದ್ದರೆ ಏನು ನಷ್ಟ ಅಂತೀರಾ? ನಷ್ಟ ಇದೆ. ಕೆನಡಾ ಅಂದ ಕೂಡಲೇ ಮುಗಿಯದ ಕಾಡು ಕಣ್ಣಿಗೆ ಬರುತ್ತದೆ. ಇದು ಮರುಭೂಮಿಯ ಸಮುದ್ರದ ನಡುವಿನ ದ್ವೀಪ, ಸ್ಕೈ ಐಲ್ಯಾಂಡ್. ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡುಗಳಿಗೂ ವಿಜ್ಞಾನಿಗಳು ಇದೇ ಹೆಸರು ಬಳಸುತ್ತಾರೆ. ಇಂಥ ಕಾಡಿಗೆ ಬಿಸಿ ಏರಿದರೆ ಮೇಲಕ್ಕೆ ಸರಿಯುವುದೊಂದೇ ದಾರಿ, ತುದಿ ಮುಟ್ಟಿದ ಮೇಲೆ ಅದೂ ಇಲ್ಲ. ಈ ಬೆಟ್ಟದ ಸಸ್ಯಗಳ 1963ರ ಸಮೀಕ್ಷೆಯನ್ನು ಅರಿಜೋನಾ ವಿಶ್ವವಿದ್ಯಾಲಯದ ತಂಡ ಅರ್ಧ ಶತಮಾನದ ನಂತರ ಮತ್ತೆ ಮಾಡಿ ನೋಡಿದಾಗ, ಹಲವು ಗಿಡಗಳ ಕೆಳಗಿನ ಗಡಿ ಮೇಲಕ್ಕೆ ಜರುಗಿತ್ತು. ಜೊತೆಗೆ ಕಾಳ್ಗಿಚ್ಚು: 2003ರಲ್ಲಿ ಇಲ್ಲಿ ಹಬ್ಬಿದ ಆಸ್ಪೆನ್ ಬೆಂಕಿ ಸುಮಾರು 85,000 ಎಕರೆ ಸುಟ್ಟಿತು. 2020ರಲ್ಲಿ ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಬೆಂಕಿ ಸುಮಾರು 1,20,000 ಎಕರೆ.

ಇನ್ನು ಹೋಗುವವರಿಗೆ ಚುಟುಕಾಗಿ: ಮಾನ್ಸೂನ್ ತಿಂಗಳುಗಳಲ್ಲಿ ಬೆಳಿಗ್ಗೆಯೇ ನಡೆದು, ಮಧ್ಯಾಹ್ನದ ಸಿಡಿಲಿಗೆ ಮುಂಚೆ ಏಣಿನಿಂದ ಇಳಿದುಬಿಡಿ. ಸುಟ್ಟ ಇಳಿಜಾರಿನ ಕೆಳಗಿನ ಹಳ್ಳಗಳಲ್ಲಿ ದಿಢೀರ್ ಪ್ರವಾಹ ಬರುತ್ತದೆ. ನೀರು ಹೊತ್ತುಕೊಂಡೇ ಹೋಗಿ. ಬೆಟ್ಟದ ರಸ್ತೆಯಲ್ಲಿ ಸಿಗುವ ವಿಂಡಿ ಪಾಯಿಂಟ್‌ನಲ್ಲಿ ಎಲ್ಲರೂ ಕಣಿವೆಯ ನೋಟಕ್ಕೆ ನಿಲ್ಲುತ್ತಾರೆ, ನೀವೂ ನಿಲ್ಲಿ. ಆದರೆ ಅದಕ್ಕಿಂತ ಕೆಳಗೆ, ಬೇರ್ ಕ್ಯಾನ್ಯನ್‌ನಲ್ಲೂ ಇಳಿಯಿರಿ. ಅಲ್ಲಿ ಹಳ್ಳದ ಗುಂಟ ಅರಿಜೋನಾ ಸೈಪ್ರೆಸ್ ಮರಗಳು ನೆಟ್ಟಗೆ ನಿಂತಿವೆ.