ಹಿತ್ತಿಲಿನಲ್ಲಿ ಸಿಹಿ ಮುಸುಕಿನ ಜೋಳದ ಬೆಳೆ
(ಭದ್ರಾವತಿ ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಮಾಡಿದ ಭಾಷಣ)



ಭದ್ರಾವತಿಯ ಸುತ್ತಮುತ್ತಲಿನ ಖುಷ್ಕಿ ಜಮೀನುಗಳಲ್ಲಿ ಮುಂಗಾರಿನ ಕಾಲಕ್ಕೆ ಮುಸುಕಿನ ಜೋಳವನ್ನು ವಿಶೇಷವಾಗಿ ಬೆಳೆಯುವುದು ತಮಗೆಲ್ಲರಿಗೂ ತಿಳಿದ ವಿಷಯ. ಅದೇ ಜಾತಿಗೆ ಸೇರಿದ ಸಿಹಿ ಜೋಳವನ್ನು ಮನೆಯ ಹಿತ್ತಿಲಿನಲ್ಲಿ ಬೆಳೆಯಬೇಕೆಂಬ ಆಸೆ ಅನೇಕ ಗೃಹಸ್ಥರಲ್ಲಿ ಉಂಟಾಗಿದೆ. ಆದರೆ ಬೀಜಕ್ಕೆ ಹಣ ಕೊಟ್ಟು, ಎರಡು ತಿಂಗಳು ನೀರೆರೆದು, ಕಡೆಗೆ ತೆನೆಯನ್ನು ಬೇಯಿಸಿ ತಿಂದಾಗ ಅದು ಹೊಲದ ಜೋಳದಂತೆಯೇ ಸಪ್ಪೆಯಾಗಿದ್ದರೆ, ಬೀಜ ಮಾರಿದವನನ್ನು ದೂರುವುದುಂಟು. ಹಾಗೆ ದೂರುವುದಕ್ಕೆ ಮುಂಚೆ ನೆರೆಯ ಹೊಲವನ್ನು ನೋಡತಕ್ಕದ್ದು.

ಕಾರಣವೇನೆಂದರೆ, ಈ ಗಿಡದ ತುದಿಯಲ್ಲಿ ಹೊರಡುವ ಸೂಲಂಗಿಯು ಗಂಡು ಹೂವು. ಮುಸುಕಿನೊಳಗಿರುವ ತೆನೆಯು ಹೆಣ್ಣು. ತೆನೆಯ ತುದಿಯಿಂದ ಹೊರಬರುವ ರೇಷ್ಮೆಯಂತಹ ಎಳೆಗಳಲ್ಲಿ ಒಂದೊಂದೂ ಒಂದೊಂದು ಕಾಳಿಗೆ ಸೇರಿದುದು. ಗಾಳಿಯಲ್ಲಿ ಹಾರಿಬಂದ ಪರಾಗವು ಎಳೆಗೆ ಸೋಂಕಿದ ಮೇಲೆಯೇ ಆ ಕಾಳು ಕಟ್ಟುವುದು. ಸಿಹಿಯ ಗುಣವು ತಾಯಿ ತಂದೆ ಎರಡು ಕಡೆಯಿಂದಲೂ ಬಂದಲ್ಲದೆ ಕಾಳಿನಲ್ಲಿ ತೋರದು. ಹೊಲದ ಜೋಳದ ಪರಾಗ ಬಿದ್ದ ಕಾಳು ಅದೇ ತೆನೆಯಲ್ಲಿಯೇ ಹಿಟ್ಟಿನಿಂದ ತುಂಬಿ ಗಟ್ಟಿಯಾಗುವುದು. ಮಾವು ಹಲಸುಗಳ ತೊಳೆಗೆ ನೆರೆಯ ಮರದ ಪರಾಗದಿಂದ ರುಚಿ ಕೆಡುವುದಿಲ್ಲವಾದ್ದರಿಂದ, ಈ ಮಾತನ್ನು ನಂಬುವುದು ಕೆಲವರಿಗೆ ಕಷ್ಟವಾಗಬಹುದು.

ಹೊಲಕ್ಕೂ ಹಿತ್ತಿಲಿಗೂ ಮುನ್ನೂರು ಅಡಿಗಳಾದರೂ ಅಂತರವಿದ್ದರೆ ಒಳ್ಳೆಯದು. ನಮ್ಮ ಊರುಗಳಲ್ಲಿ ಅಷ್ಟು ಅನುಕೂಲ ಎಲ್ಲಿಯದು? ಆದುದರಿಂದ ಸ್ಥಳದ ಬದಲಾಗಿ ಕಾಲದ ಅಂತರವನ್ನು ಇಡತಕ್ಕದ್ದು. ಹೊಲದಲ್ಲಿ ಬಿತ್ತಿದ ಒಂದು ತಿಂಗಳ ತರುವಾಯ ಹಿತ್ತಿಲಿನಲ್ಲಿ ಬಿತ್ತಿದರೆ, ಸಿಹಿ ಜೋಳದ ಎಳೆ ಹೊರಡುವ ವೇಳೆಗೆ ಹೊಲದ ಸೂಲಂಗಿ ಒಣಗಿರುವುದು. ಇದಕ್ಕಿಂತ ಉತ್ತಮವಾದುದು, ಬಾವಿಯ ನೀರಿನ ಅನುಕೂಲವಿರುವವರು ಹೊಲದ ಕಟಾವು ಮುಗಿದ ಮೇಲೆ ಜನವರಿಯಲ್ಲಿ ಬಿತ್ತುವುದು. ಆದರೆ ಭದ್ರಾ ನಾಲೆಯ ಸಮೀಪದಲ್ಲಿ ಬೇಸಿಗೆಯಲ್ಲಿಯೂ ಯಾರಾದರೂ ಹೊಲದ ಜೋಳ ಹಾಕಿದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇಲ್ಲಿ ಯಜಮಾನರಾದವರಿಂದ ಬಹಳ ಉಪಕಾರವಾಗುವುದು. ಯಾರು ಯಾವ ದಿನ ಬಿತ್ತಿದರೆಂಬುದನ್ನು ಊರಿನವರಿಗೆ ತಿಳಿಯಪಡಿಸಿದರೆ ಸಾಕು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಸಿಹಿ ಜೋಳದಲ್ಲಿಯೇ ಬೇರೆ ಬೇರೆ ಬಗೆಯ ಬೀಜಗಳನ್ನು ಒಟ್ಟಿಗೆ ಬಿತ್ತಿದರೂ ಕೆಲವು ವೇಳೆ ಇದೇ ಕೇಡು ಸಂಭವಿಸುವುದರಿಂದ, ಒಂದು ಸಲಕ್ಕೆ ಒಂದೇ ಬಗೆಯನ್ನು ಬಿತ್ತಬೇಕು.

ಬೇಲಿಯ ಉದ್ದಕ್ಕೂ ಒಂದೇ ಸಾಲು ಹಾಕುವ ಪದ್ಧತಿ ಸರಿಯಲ್ಲ. ಪರಾಗವೆಲ್ಲ ಗಾಳಿಗೆ ಹೋಗಿ ತೆನೆಯು ಹಲ್ಲುಬಿದ್ದ ಬಾಯಿಯಂತಾಗುವುದು. ಎರಡಡಿಗೊಂದರಂತೆ ನಾಲ್ಕು ಸಾಲು, ಸಾಲಿನಲ್ಲಿ ಅಡಿಗೊಂದರಂತೆ ಹನ್ನೆರಡು ಗಿಡ, ಹೀಗೆ ಚೌಕವಾಗಿ ಹಾಕಿದರೆ 8 ಅಡಿ ಅಗಲ 12 ಅಡಿ ಉದ್ದದ ಮಡಿಯಲ್ಲಿ 48 ಗಿಡಗಳಾಗುವುವು. ಬೀಜವನ್ನು ಒಂದಂಗುಲ ಆಳಕ್ಕೆ ಊರತಕ್ಕದ್ದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೊದಲೂ, ಗಿಡ ಮೊಣಕಾಲೆತ್ತರ ಬಂದಾಗ ಹೊಂಗೆಯ ಹಿಂಡಿಯನ್ನೂ ಕೊಟ್ಟು ಮಣ್ಣೇರಿಸಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು. ಬಣ್ಣದ ಔಷಧ ಲೇಪಿಸಿದ ಬೀಜ ಉಳಿದರೆ ಕೋಳಿಗೆ ಹಾಕಬಾರದು.

ಅಮೆರಿಕದ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುಬಂದುದು 2018ನೆಯ ಮೇ ತಿಂಗಳಿನಲ್ಲಿ, ನಮ್ಮ ಶಿವಮೊಗ್ಗದ ಕೃಷಿ ಕಾಲೇಜಿನ ಜೋಳದಲ್ಲಿಯೇ. ಇದರ ತಲೆಯ ಮೇಲೆ ತಲೆಕೆಳಗಾದ ಕವಲುಕಡ್ಡಿಯಂತಹ ಬಿಳಿಯ ಗೆರೆಯೂ, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುವುವು. ಹುಳುವು ಸುಳಿಯಲ್ಲಿ ಅಡಗಿ ತಿನ್ನುವುದು. ಹಸಿ ತೆನೆಯನ್ನೇ ತಿನ್ನುವ ಬೆಳೆಯಾದ್ದರಿಂದ ಹಿತ್ತಿಲಿನಲ್ಲಿ ವಿಷವನ್ನು ಸಿಂಪಡಿಸದಿರುವುದೇ ಲೇಸು. ಐವತ್ತು ಗಿಡಗಳನ್ನು ಎರಡು ದಿನಕ್ಕೊಮ್ಮೆ ನೋಡುವುದು ಎಷ್ಟು ಹೊತ್ತಿನ ಕೆಲಸ? ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಹೊಸಕಿ, ಹುಳುವನ್ನು ಆರಿಸಿ ಕೊಂದು, ಸುಳಿಗೆ ಚಿಟಿಕೆ ನುಣ್ಣನೆಯ ಮರಳನ್ನು ಹಾಕಬೇಕು.

ಎಳೆ ಹೊರಟ ಸುಮಾರು 20 ದಿನಗಳಿಗೆ ತೆನೆ ಹದಕ್ಕೆ ಬರುವುದು. ಆಗ ಎಳೆ ಕಂದಾಗಿದ್ದರೂ ಮುಸುಕು ಹಸುರಾಗಿಯೇ ಇರುವುದು. ಉಗುರಿನಿಂದ ಕಾಳನ್ನು ಒತ್ತಿದರೆ ಹಾಲಿನಂತಹ ರಸ ಬರಬೇಕು. ನೀರು ಬಂದರೆ ಎಳೆಯದು, ಹಿಟ್ಟಿನಂತಿದ್ದರೆ ಬಲಿತದ್ದು. ಮುರಿದ ಮೇಲೆ ಸಕ್ಕರೆಯು ಹಿಟ್ಟಾಗಿ ಮಾರ್ಪಡುತ್ತ ಹೋಗುವುದರಿಂದ, ಬೆಳಗಿನ ತಂಪಿನಲ್ಲಿ ಮುರಿದು ಅಂದೇ ಬೇಯಿಸತಕ್ಕದ್ದು. ಪೇಟೆಯ ತೆನೆಗಿಂತ ಹಿತ್ತಿಲಿನ ತೆನೆಗೆ ಇರುವ ದೊಡ್ಡ ಅನುಕೂಲ ಇದೇ. ಅಂಗಡಿಯ ಬೀಜ ಬಹುಮಟ್ಟಿಗೆ ಮಿಶ್ರತಳಿಯಾದ್ದರಿಂದ ಒಂದೆರಡು ತೆನೆಗಳನ್ನು ಬೀಜಕ್ಕೆಂದು ಬಿಟ್ಟು ಪ್ರಯೋಜನವಿಲ್ಲ. ಎಲ್ಲವನ್ನೂ ಮುರಿದು, ಹಸಿ ದಂಟನ್ನು ಕತ್ತರಿಸಿ ದನಗಳಿಗೆ ಹಾಕಬಹುದು.